ಹಳೆಯ ಪ್ರೇಮಕಾದಂಬರಿಯನ್ನು ಪೀರಿಯಡ್ ಸಿನಿಮಾ ಮಾಡುವಾಗ ಏನು ಉಳಿಯಬೇಕು, ಏನು ಬಿಡಬೇಕು?

ಓದುಗರ ಪ್ರಶ್ನೆ: ಇದುವರೆಗೆ ಕೆಲವು ಕಿರುಚಿತ್ರಗಳಿಗೆ ಚಿತ್ರಕಥೆ ಬರೆದಿದ್ದೇನೆ. ಈಗ ನೂರು ವರ್ಷಕ್ಕಿಂತ ಹಳೆಯದಾದ, ತುಂಬ ಜನ ಪ್ರೀತಿಸುವ ಒಂದು ಪ್ರೇಮಕಾದಂಬರಿಯನ್ನು ಎರಡು ಗಂಟೆಯ ಸಿನಿಮಾ ಮಾಡುವ ಆಸೆ ಇದೆ. ಕಥೆಯನ್ನು ಅದೇ ಕಾಲದಲ್ಲಿ ಇಟ್ಟು ಪೀರಿಯಡ್ ಸಿನಿಮಾ ಮಾಡಬೇಕು ಎಂದುಕೊಂಡಿದ್ದೇನೆ. ಪುಸ್ತಕ 400 ಪುಟ ಇದೆ. ಅರ್ಧಕ್ಕಿಂತ ಜಾಸ್ತಿ ನಾಯಕಿಯ ಮನಸ್ಸಿನೊಳಗೇ ನಡೆಯುತ್ತದೆ. ಏನು ಇಡಬೇಕು, ಏನು ಬಿಡಬೇಕು? ಮನಸ್ಸಿನ ಮಾತಿಗೆ ವಾಯ್ಸ್ ಓವರ್ ಹಾಕಬಹುದೇ? ಸಂಭಾಷಣೆ ಹಳೆಯ ಶೈಲಿಯಲ್ಲೇ ಇರಬೇಕೇ? ನಮ್ಮ ಬಜೆಟ್ ಸಣ್ಣದು. ಹಕ್ಕುಗಳ ವಿಷಯವೂ ಸರಿಯಾಗಿ ಗೊತ್ತಿಲ್ಲ. ಇದೇ ಕಾದಂಬರಿ ಹಿಂದೊಮ್ಮೆ ಸಿನಿಮಾ ಆಗಿದೆ. ಅದನ್ನು ನೋಡಬೇಕೇ, ಬೇಡವೇ?

ಉತ್ತರ: ನೀವು ಐದಾರು ಪ್ರಶ್ನೆ ಕೇಳಿದ್ದೀರಿ. ಎಲ್ಲಕ್ಕೂ ಮೊದಲು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಅವುಗಳಲ್ಲಿಲ್ಲ. ಈ ಇಬ್ಬರು ಭೇಟಿಯಾದ ವಾರದಲ್ಲೇ ಯಾಕೆ ಒಂದಾಗುವುದಿಲ್ಲ? ಅವರನ್ನು ತಡೆಯುತ್ತಿರುವುದು ಏನು? ಇದಕ್ಕೆ ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ. ಆ ವಾಕ್ಯ ಸಿಗುವವರೆಗೆ ಮೊದಲ ಸೀನ್‌ಗೆ ಕೈ ಹಾಕಬೇಡಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಇವತ್ತಿನ ಪ್ರೇಮಕಥೆಯಲ್ಲಿ ಇಬ್ಬರು ದೂರವಾಗಲು ಅವರ ಸ್ವಭಾವ ಸಾಕು, ಒಂದು ತಪ್ಪು ತಿಳುವಳಿಕೆ ಸಾಕು. ನೂರಿನ್ನೂರು ವರ್ಷ ಹಿಂದಿನ ಕಥೆಯಲ್ಲಿ ಆಸ್ತಿಯ ಕಾನೂನು ಇರುತ್ತದೆ, ಮನೆತನದ ಹೆಸರು ಇರುತ್ತದೆ. ಯಾರು ಯಾರನ್ನು ಮೊದಲು ಮಾತಾಡಿಸಬಹುದು ಎಂಬ ಕಟ್ಟಳೆ ಇರುತ್ತದೆ. ಊರಿಂದ ಊರಿಗೆ ತಲುಪಲು ದಿನಗಟ್ಟಲೆ ಹಿಡಿಯುವ ಕಾಗದ ಇರುತ್ತದೆ. ಪೀರಿಯಡ್ ಸಿನಿಮಾದಲ್ಲಿ ಕಾಲ ಎಂದರೆ ನನ್ನ ಮಟ್ಟಿಗೆ ಮೊದಲು ಇದು. ಬಟ್ಟೆ, ಗಾಡಿ, ದೀಪ ಎಲ್ಲ ಆಮೇಲೆ ಬರುತ್ತವೆ. ಆ ನಿಯಮದ ಬಿಸಿ ಪ್ರೇಕ್ಷಕರಿಗೆ ತಟ್ಟಬೇಕು. ತಟ್ಟದಿದ್ದರೆ ಎಷ್ಟು ಚೆಂದದ ಸೆಟ್ ಹಾಕಿದರೂ, 'ಇವರು ಸುಮ್ನೆ ಬಾಯಿಬಿಟ್ಟು ಹೇಳಿಕೊಂಡರೆ ಆಗಿಹೋಗುತ್ತಿತ್ತಲ್ವಾ' ಅಂತ ಅನ್ನಿಸುತ್ತಲೇ ಇರುತ್ತದೆ.

ಜೇನ್ ಆಸ್ಟೆನ್ ಅವರ 'ಪ್ರೈಡ್ ಅಂಡ್ ಪ್ರೆಜುಡಿಸ್' ತೆಗೆದುಕೊಳ್ಳಿ. 1813ರಲ್ಲಿ ಪ್ರಕಟವಾದ ಕಾದಂಬರಿ. ಮೇಲ್ನೋಟಕ್ಕೆ ಅದು ಇಬ್ಬರ ಜಂಬದ, ಇಬ್ಬರ ತಪ್ಪು ಅಭಿಪ್ರಾಯಗಳ ಕಥೆ. ಅದರ ಅಡಿಯಲ್ಲಿ ಒಂದು ಆಸ್ತಿಯ ಲೆಕ್ಕ ಇದೆ. ಬೆನೆಟ್ ದಂಪತಿಗೆ ಐದು ಹೆಣ್ಣುಮಕ್ಕಳು. ಅವರ ಮನೆ ಮತ್ತು ಜಮೀನು ಗಂಡು ವಾರಸುದಾರನಿಗೇ ಹೋಗಬೇಕೆಂದು ಮೊದಲೇ ಗೊತ್ತುಮಾಡಿಟ್ಟ ಆಸ್ತಿ. ತಂದೆ ತೀರಿಕೊಂಡರೆ ಅದೆಲ್ಲ ಕಾಲಿನ್ಸ್ ಎಂಬ ದೂರದ ಸಂಬಂಧಿಗೆ ಸೇರುತ್ತದೆ. ತಂದೆಗೆ ಆಸ್ತಿಯಿಂದ ವರ್ಷಕ್ಕೆ 2,000 ಪೌಂಡ್ ವರಮಾನ, ನಾಯಕ ಡಾರ್ಸಿಗೆ 10,000. ಆ ಐವರಲ್ಲಿ ಒಬ್ಬಳು ನಾಯಕಿ ಎಲಿಜಬೆತ್. ಮದುವೆಗೆ ಕೇಳಿದಾಗ ಅವಳು ಮೊದಲು ಕಾಲಿನ್ಸ್‌ನನ್ನು ಬೇಡ ಅನ್ನುತ್ತಾಳೆ, ಆಮೇಲೆ ಡಾರ್ಸಿಯನ್ನೂ ಬೇಡ ಅನ್ನುತ್ತಾಳೆ. ಈ ಲೆಕ್ಕ ಗೊತ್ತಿದ್ದವರಿಗೆ ಆ ಎರಡು 'ಬೇಡ'ಗಳ ಬೆಲೆ ಗೊತ್ತಾಗುತ್ತದೆ. ಗೊತ್ತಿಲ್ಲದವರಿಗೆ ಅದು ಒಬ್ಬ ಚುರುಕು ಹುಡುಗಿಯ ಕೋಪವಾಗಿ ಮಾತ್ರ ಕಾಣುತ್ತದೆ.

ಹಾಗಂತ ಆಸ್ತಿ ಕಾನೂನನ್ನು ಯಾರ ಬಾಯಿಂದಲೋ ಪಾಠ ಮಾಡಿಸಬೇಡಿ. ಒಳ್ಳೆಯ ಕಾದಂಬರಿಕಾರರು ಇಂಥ ಸಂಗತಿಯನ್ನು ಎಲ್ಲಾದರೂ ಒಂದು ಕಡೆ ಕಣ್ಣಿಗೆ ಕಾಣುವ ಹಾಗೆ ಮಾಡಿಟ್ಟಿರುತ್ತಾರೆ. ಕಾಲಿನ್ಸ್ ಮೊದಲ ಸಲ ಬೆನೆಟ್ ಮನೆಗೆ ಬಂದಾಗ ಹಜಾರ, ಊಟದ ಕೋಣೆ, ಮೇಜು ಕುರ್ಚಿ ಎಲ್ಲವನ್ನೂ ನೋಡಿ ನೋಡಿ ಹೊಗಳುತ್ತಾನೆ. ಬೇರೆ ಹೊತ್ತಿನಲ್ಲಾಗಿದ್ದರೆ ಮನೆಯಾಕೆಗೆ ಖುಷಿಯಾಗುತ್ತಿತ್ತು. ಈಗ ಮೈಯೆಲ್ಲ ಉರಿಯುತ್ತದೆ, ಯಾಕೆಂದರೆ ಅವನು ಮುಂದೆ ತನ್ನದಾಗುವ ಸಾಮಾನನ್ನು ನೋಡುತ್ತಿದ್ದಾನೆ ಎಂದು ಅವಳಿಗೆ ಗೊತ್ತು. ಸಿನಿಮಾಕ್ಕೆ ಇದಕ್ಕಿಂತ ಒಳ್ಳೆಯ ಸೀನ್ ಬೇಕೇ? ಒಬ್ಬ ಅತಿಥಿ ಕುರ್ಚಿಯ ಬೆನ್ನು ಸವರುತ್ತಾನೆ, ಮನೆಯೊಡತಿ ಅವನ ಕೈಯನ್ನೇ ನೋಡುತ್ತಾಳೆ. ಕಾನೂನು ಪೂರ್ತಿ ಅರ್ಥವಾಗುತ್ತದೆ. ನಿಮ್ಮ ಕಾದಂಬರಿಯಲ್ಲೂ ಇಂಥ ಜಾಗ ಇದ್ದೇ ಇರುತ್ತದೆ. ಹುಡುಕಿ.

ಏನು ಬಿಡಬೇಕು ಎಂಬ ಪ್ರಶ್ನೆಗೆ ಈಗ ಬರಬಹುದು. ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎನ್ನುವುದು ವಾಡಿಕೆಯ ಲೆಕ್ಕ. ನಿಮಗಿರುವುದು 120 ಪುಟ, ಅದರಲ್ಲೂ ಅರ್ಧ ಜಾಗ ಖಾಲಿ ಬಿಳಿ. 400 ಪುಟದ ಕಾದಂಬರಿಯನ್ನು ಗಟ್ಟಿಯಾಗಿ ಓದಿಸಿದರೆ ಹತ್ತು ಗಂಟೆ ಮೀರುತ್ತದೆ. ಬಿಬಿಸಿ 1995ರಲ್ಲಿ 'ಪ್ರೈಡ್ ಅಂಡ್ ಪ್ರೆಜುಡಿಸ್' ಅನ್ನು ಆರು ಕಂತುಗಳ ಧಾರಾವಾಹಿ ಮಾಡಿದಾಗ ಐದು ಗಂಟೆಗಿಂತ ಜಾಸ್ತಿ ಸಮಯ ಸಿಕ್ಕಿತ್ತು. ಜೋ ರೈಟ್ ನಿರ್ದೇಶಿಸಿದ 2005ರ ಸಿನಿಮಾಕ್ಕೆ ಸಿಕ್ಕಿದ್ದು ಎರಡು ಗಂಟೆಗಿಂತ ತುಸು ಹೆಚ್ಚು. ಎರಡರ ಕೆಲಸವೂ ಬೇರೆ ಬೇರೆ. ಧಾರಾವಾಹಿ ಕಾದಂಬರಿಯ ಜೊತೆ ನಡೆಯಬಹುದು. ಸಿನಿಮಾ ಆರಿಸಿಕೊಳ್ಳಲೇಬೇಕು.

ಸಾಮಾನ್ಯವಾಗಿ ಜನ ಮಾಡುವುದು ಏನೆಂದರೆ, ನಾಯಕ ನಾಯಕಿಯ ಸೀನ್‌ಗಳನ್ನೆಲ್ಲ ಇಟ್ಟುಕೊಂಡು ಸುತ್ತಲಿನವರನ್ನು ಕತ್ತರಿಸುತ್ತಾರೆ. ಇದು ಅಪಾಯದ ದಾರಿ. ಸುತ್ತಲಿನವರಲ್ಲಿ ಒಬ್ಬರು ಆ ನಿಯಮದ ಬೆಲೆ ತೆತ್ತವರು ಇರುತ್ತಾರೆ. ಅವರನ್ನು ತೆಗೆದರೆ ನಿಯಮ ಬರೀ ಮಾತಾಗಿ ಉಳಿಯುತ್ತದೆ. ಎಲಿಜಬೆತ್‌ಳ ಗೆಳತಿ ಶಾರ್ಲೆಟ್‌ಗೆ 27 ವರ್ಷ. ಕೈಯಲ್ಲಿ ಹಣ ಇಲ್ಲ, ರೂಪವಂತೆಯೂ ಅಲ್ಲ. ಎಲಿಜಬೆತ್ ನಿರಾಕರಿಸಿದ ಕಾಲಿನ್ಸ್‌ನನ್ನೇ ಅವಳು ಒಪ್ಪಿಕೊಳ್ಳುತ್ತಾಳೆ. ಪ್ರೇಮಕಥೆಯ ದೃಷ್ಟಿಯಿಂದ ಈ ಮದುವೆ ಪಕ್ಕದ ಸಂಗತಿ. ಆದರೆ ಅದಿಲ್ಲದೆ ಎಲಿಜಬೆತ್‌ಳ ಧೈರ್ಯ ಅಳೆಯಲು ನಮ್ಮ ಹತ್ತಿರ ಕೋಲೇ ಇರುವುದಿಲ್ಲ. 2005ರ ಸಿನಿಮಾ ಡಾರ್ಸಿಯ ಗೆಳೆಯ ಬಿಂಗ್ಲಿಯ ಸೋದರಿಯರಲ್ಲಿ ಒಬ್ಬಳನ್ನೂ ಅವಳ ಗಂಡನನ್ನೂ ಪೂರ್ತಿ ಬಿಟ್ಟಿತು. ಯಾರಿಗೂ ಅದು ಕೊರತೆ ಅನ್ನಿಸಲಿಲ್ಲ. ಶಾರ್ಲೆಟ್‌ಳನ್ನು ಮಾತ್ರ ಉಳಿಸಿಕೊಂಡಿತು. ಅಷ್ಟೇ ಅಲ್ಲ, ಕಾದಂಬರಿಯಲ್ಲಿ ಲೇಖಕಿ ಹೊರಗಿನಿಂದ ಹೇಳುವ ಅವಳ ಪರಿಸ್ಥಿತಿಯನ್ನು ಅವಳ ಬಾಯಿಗೇ ಕೊಟ್ಟಿತು. ತನ್ನ ವಯಸ್ಸು, ಕೈ ಖಾಲಿ ಇರುವುದು, ಹೆತ್ತವರಿಗೆ ಹೊರೆಯಾಗಿರುವುದು, ತನಗೆ ಭಯವಾಗುತ್ತಿರುವುದು ಎಲ್ಲವನ್ನೂ ಅವಳು ಗೆಳತಿಯ ಮುಖಕ್ಕೇ ಹೇಳುತ್ತಾಳೆ. ಅರ್ಧ ನಿಮಿಷವೂ ಹಿಡಿಯದ ಮಾತು. ಇಡೀ ಸಿನಿಮಾಕ್ಕೆ ಅದು ನೆಲ ಹಾಕಿಕೊಡುತ್ತದೆ.

ದೊಡ್ಡ ತುಂಡುಗಳನ್ನೇ ಕತ್ತರಿಸಬಹುದೇ? ಕತ್ತರಿಸಬಹುದು, ಆದರೆ ಅದರಿಂದ ಕಥೆ ಯಾವುದರ ಬಗ್ಗೆ ಎಂಬುದೇ ಬದಲಾಗಬಹುದು. ಎಮಿಲಿ ಬ್ರಾಂಟೆ ಅವರ 'ವುದರಿಂಗ್ ಹೈಟ್ಸ್' ಕಾದಂಬರಿಯಲ್ಲಿ 34 ಅಧ್ಯಾಯಗಳಿವೆ. 1939ರ ವಿಲಿಯಂ ವೈಲರ್ ಸಿನಿಮಾ ಸುಮಾರು ಮೊದಲರ್ಧವನ್ನು ಮಾತ್ರ ತೆಗೆದುಕೊಂಡಿತು. ಮಕ್ಕಳ ತಲೆಮಾರಿನ ಕಥೆ ಪೂರ್ತಿ ಹೋಯಿತು. ಪುಸ್ತಕದಲ್ಲಿ ನಾಯಕ ಹೀತ್‌ಕ್ಲಿಫ್ ತನ್ನ ನೋವನ್ನು ಮುಂದಿನ ತಲೆಮಾರಿನ ಮೇಲೆ ತೀರಿಸಿಕೊಳ್ಳುತ್ತಾನೆ. ಸಿನಿಮಾದಲ್ಲಿ ಅವನು ಪ್ರೀತಿ ಕಳೆದುಕೊಂಡ ದುಃಖಿ. ಸಿನಿಮಾ ತನ್ನ ಮಟ್ಟಿಗೆ ಗಟ್ಟಿಯಾಗಿದೆ, ಆದರೆ ಅದು ಬೇರೆ ಕಥೆ. ನೀವು ಹಾಗೆ ಮಾಡುವುದಾದರೆ ತಿಳಿದೇ ಮಾಡಿ. ಪುಟ ಕಡಿಮೆಯಾಗಲಿ ಎಂದು ಕತ್ತರಿಸುತ್ತಾ ಹೋಗಿ ಅಲ್ಲಿಗೆ ತಲುಪಬೇಡಿ.

ಆರಿಸುವ ಕೆಲಸಕ್ಕೆ ನಾನು ಹೇಳಿಕೊಡುವ ಕ್ರಮ ಹೀಗಿದೆ. ಒಮ್ಮೆ ಬರೀ ಓದುಗರಾಗಿ ಓದಿ. ಪುಸ್ತಕ ಮುಚ್ಚಿಡಿ. ಕೆಲವು ದಿನ ಬಿಟ್ಟು, ನೆನಪಿರುವ ಘಟನೆಗಳನ್ನೆಲ್ಲ ಬರೆಯಿರಿ. ನೆನಪಿನಲ್ಲಿ ನಿಂತಿದ್ದು ಸಾಮಾನ್ಯವಾಗಿ ಕಣ್ಣಿಗೆ ಕಾಣುವಂಥದ್ದೇ ಆಗಿರುತ್ತದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿ. ಕ್ಯಾಮೆರಾ ಹಿಡಿಯಬಹುದಾದ, ಮೈಕ್ ಹಿಡಿಯಬಹುದಾದ ಸಾಲುಗಳಿಗೆ ಮಾತ್ರ ಗೆರೆ ಎಳೆಯಿರಿ. ಅರ್ಧ ಪುಸ್ತಕ ಮನಸ್ಸಿನೊಳಗೆ ನಡೆಯುತ್ತದೆ ಅಂತ ನೀವು ಅಂದಿರಲ್ಲ, ಹಾಗೆ ಗೆರೆ ಎಳೆದು ನೋಡಿದರೆ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಿಗುತ್ತದೆ. ಆಮೇಲೆ ಒನ್‌ಲೈನ್ ಮಾಡಿ, ಅಂದರೆ ಪ್ರತಿ ಸೀನ್ ಅನ್ನು ಒಂದೊಂದು ಸಾಲಿನಲ್ಲಿ ಬರೆದ ಪಟ್ಟಿ. ಪ್ರತಿ ಸೀನ್ ಎದುರು, ಇದರಿಂದ ಇಬ್ಬರ ನಡುವಿನ ಅಂತರ ಹೆಚ್ಚಿತೇ ಕಡಿಮೆಯಾಯಿತೇ ಎಂದು ಬರೆದುಕೊಳ್ಳಿ. ಎರಡೂ ಆಗದ ಸೀನ್ ಎಷ್ಟೇ ಮುದ್ದಾಗಿದ್ದರೂ ಮೊದಲು ಹೋಗಬೇಕಾದದ್ದು ಅದೇ.

ಇನ್ನು ಮನಸ್ಸಿನ ಮಾತು. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬ ಹತ್ತಿರವಾದ ಭಾಗ ಇದು.

ಸತ್ಯಜಿತ್ ರೇ ಅವರ 'ಚಾರುಲತಾ' ಸಿನಿಮಾದ ಮೊದಲ ಕೆಲವು ನಿಮಿಷಗಳನ್ನು ಕಾಗದ ಪೆನ್ನು ಹಿಡಿದು ನೋಡಿ. 1964ರ ಸಿನಿಮಾ. ರವೀಂದ್ರನಾಥ ಟಾಗೋರ್ 1901ರಲ್ಲಿ ಬರೆದ 'ನಷ್ಟನೀಡ' ಎಂಬ ನೀಳ್ಗತೆ ಅದರ ಮೂಲ. ಶ್ರೀಮಂತ ಮನೆ, ಪತ್ರಿಕೆಯ ಕೆಲಸದಲ್ಲಿ ಮುಳುಗಿದ ಗಂಡ, ಒಂಟಿ ಹೆಂಡತಿ. ಕಥೆಗಾರ ಇದನ್ನು ಒಂದು ಪ್ಯಾರಾದಲ್ಲಿ ಹೇಳಬಹುದು. ರೇ ಏನು ಮಾಡುತ್ತಾರೆ ನೋಡಿ. ಚಾರು ಕರವಸ್ತ್ರದ ಮೇಲೆ ಗಂಡನ ಹೆಸರಿನ ಮೊದಲ ಅಕ್ಷರ ಕಸೂತಿ ಮಾಡುತ್ತಿದ್ದಾಳೆ. ಆಳನ್ನು ಕರೆದು ಗಂಡನಿಗೆ ಚಹಾ ಕಳಿಸಲು ಹೇಳುತ್ತಾಳೆ. ಪುಸ್ತಕವೊಂದನ್ನು ಹುಡುಕುತ್ತಾಳೆ. ಬೀದಿಯಿಂದ ಸದ್ದು ಕೇಳುತ್ತದೆ. ನಾಟಕ ನೋಡಲು ಬಳಸುವ ಸಣ್ಣ ದುರ್ಬೀನು ತಂದು, ಕಿಟಕಿಯಿಂದ ಕಿಟಕಿಗೆ ಓಡುತ್ತಾ ಬೀದಿಯಲ್ಲಿ ಹೋಗುವವರನ್ನು ನೋಡುತ್ತಾಳೆ. ಅಷ್ಟರಲ್ಲಿ ಗಂಡ ಪುಸ್ತಕ ಓದುತ್ತಾ ಅವಳ ಪಕ್ಕದಿಂದಲೇ ಹಾದುಹೋಗುತ್ತಾನೆ. ಅವಳನ್ನು ನೋಡುವುದೇ ಇಲ್ಲ. ಅವಳು ಅದೇ ದುರ್ಬೀನನ್ನು ಅವನ ಬೆನ್ನಿಗೆ ಹಿಡಿಯುತ್ತಾಳೆ. ಆಮೇಲೆ ಕೈ ಇಳಿಸುತ್ತಾಳೆ.

ಮಾತು ಇಲ್ಲವೆಂದರೂ ಸರಿ. ಆದರೆ ಅವಳ ಬೇಸರ, ಕುತೂಹಲ, ಚುರುಕುತನ, ಗಂಡನ ಮೇಲೆ ಕೋಪವಿಲ್ಲದ ದೂರ ಎಲ್ಲವೂ ಗೊತ್ತಾಗಿಹೋಗುತ್ತದೆ. ಬೀದಿಯ ಅಪರಿಚಿತರನ್ನು ನೋಡುವ ಸಾಧನದಿಂದಲೇ ಗಂಡನನ್ನೂ ನೋಡಬೇಕಾಗಿದೆ. ಇದರಲ್ಲಿ ಕಲಿಯಬೇಕಾದ್ದು ದುರ್ಬೀನಲ್ಲ, ಅದರ ಹಿಂದಿನ ಲೆಕ್ಕ. ಮನಸ್ಸಿನ ಸ್ಥಿತಿಯನ್ನು ರೇ ಮೊದಲು ಒಂದು ಚಟುವಟಿಕೆಯಾಗಿ ಮಾಡಿದರು. ಆ ಚಟುವಟಿಕೆಗೆ ಒಂದು ವಸ್ತು ಕೊಟ್ಟರು. ಕೊನೆಗೆ ಅದೇ ವಸ್ತುವನ್ನು ಬೇರೆ ಕಡೆ ತಿರುಗಿಸಿದರು. ನಿಮ್ಮ ನಾಯಕಿಯ ಮನಸ್ಸಿನ ಬಗ್ಗೆ ಇರುವ ಪುಟಗಳನ್ನು ಎದುರಿಗಿಟ್ಟುಕೊಂಡು ಇದನ್ನೇ ಕೇಳಿ. ಈ ಹೊತ್ತಿನಲ್ಲಿ ಅವಳ ಕೈ ಏನು ಮಾಡುತ್ತಿದೆ? ಏನನ್ನು ಅರ್ಧಕ್ಕೆ ಬಿಡುತ್ತಾಳೆ? ಯಾರು ಬಂದರೆ ಏನನ್ನು ಬಚ್ಚಿಡುತ್ತಾಳೆ?

ಅದೇ ಸಿನಿಮಾದ ಕೊನೆ ಇನ್ನೊಂದು ಪಾಠ. ಟಾಗೋರರ ಕಥೆಯ ಕೊನೆಯಲ್ಲಿ, ಹೆಂಡತಿಯ ಮನಸ್ಸು ಇನ್ನೊಬ್ಬನ ಮೇಲಿದೆ ಎಂದು ತಿಳಿದ ಗಂಡ ಪತ್ರಿಕೆಯೊಂದರ ಕೆಲಸಕ್ಕೆ ಮೈಸೂರಿಗೆ ಹೊರಡುತ್ತಾನೆ. ಅವಳು ತನ್ನನ್ನೂ ಕರೆದುಕೊಂಡು ಹೋಗೆಂದು ಕೇಳುತ್ತಾಳೆ. ಅವನು ಹಿಂಜರಿದು, ಆಮೇಲೆ ಬಾ ಅನ್ನುತ್ತಾನೆ. ಅವಳು ಬೇಡ ಬಿಡು ಅನ್ನುತ್ತಾಳೆ. ಸಿನಿಮಾದಲ್ಲಿ ಮೈಸೂರು ಇಲ್ಲ. ಬಾಗಿಲಲ್ಲಿ ನಿಂತ ಗಂಡನತ್ತ ಅವಳು ಕೈ ಚಾಚುತ್ತಾಳೆ, ಅವನೂ ಚಾಚುತ್ತಾನೆ. ಎರಡು ಕೈ ಮುಟ್ಟುವ ಮೊದಲೇ ಚಿತ್ರ ಸ್ತಬ್ಧವಾಗುತ್ತದೆ. ಘಟನೆ ಪೂರ್ತಿ ಬದಲಾಗಿದೆ. ಆದರೆ ಒಡೆದ ಮನೆ ಮತ್ತೆ ಕೂಡಿಕೊಂಡಿತೇ ಎಂಬುದಕ್ಕೆ ಕಥೆ ಕೊಟ್ಟ ಉತ್ತರಕ್ಕೂ ಸಿನಿಮಾ ಕೊಟ್ಟ ಉತ್ತರಕ್ಕೂ ದೂರವಿಲ್ಲ. ನಿಷ್ಠೆ ಎಂದರೆ ಇದು ಎಂದು ನಾನು ನಂಬಿದ್ದೇನೆ. ಮೂಲದ ಈ ಬದಲಾವಣೆಗಳನ್ನು ಟೀಕಿಸಿದವರಿಗೆ ರೇ ಅವರೇ ಲೇಖನ ಬರೆದು ಉತ್ತರ ಕೊಟ್ಟಿದ್ದರು.

ವಾಯ್ಸ್ ಓವರ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ನಾಯಕಿ ತನ್ನ ಭಾವನೆಯನ್ನು ತಾನೇ ಓದಿ ಹೇಳುವ ವಾಯ್ಸ್ ಓವರ್ ಬೇಡ. 'ನನಗೆ ಆ ಕ್ಷಣ ಏನೋ ಆಯಿತು' ಎಂಬ ಸಾಲು ಕೇಳಿಸಿದ ಕೂಡಲೇ ನಟಿಗೆ ಮಾಡಲು ಕೆಲಸ ಉಳಿಯುವುದಿಲ್ಲ. ಆದರೆ ಮುಖದಲ್ಲಿ ತೋರಿಸಲಾಗದ ಸಂಗತಿಯೊಂದಿದೆ. ಅದು ಆ ಸಮಾಜದ ಒಳ ನಿಯಮ. ಈಡಿತ್ ವಾರ್ಟನ್ ಅವರ 1920ರ ಕಾದಂಬರಿ 'ದಿ ಏಜ್ ಆಫ್ ಇನ್ನೊಸೆನ್ಸ್' ಅನ್ನು 1993ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಸಿನಿಮಾ ಮಾಡಿದಾಗ, ಕಥೆಯೊಳಗಿನ ಯಾರೂ ಅಲ್ಲದ ಒಬ್ಬ ಹೆಂಗಸಿನ ದನಿಯನ್ನು ಇಟ್ಟರು. ನಟಿ ಜೋನ್ ವುಡ್‌ವರ್ಡ್ ಅವರದು ಆ ದನಿ. 1870ರ ದಶಕದ ನ್ಯೂಯಾರ್ಕ್ ಸಿರಿವಂತರ ನಡುವೆ ಯಾವ ಮೌನಕ್ಕೆ ಏನು ಅರ್ಥ ಎಂದು ಅದು ಹೇಳುತ್ತದೆ. ಪರದೆಯ ಮೇಲೆ ಎಲ್ಲರೂ ನಗುತ್ತಾ ಊಟ ಮಾಡುತ್ತಿರುತ್ತಾರೆ. ಆ ಊಟ ನಿಜಕ್ಕೂ ಒಬ್ಬಳನ್ನು ಊರಿನಿಂದ ಹೊರಗೆ ಕಳಿಸುವ ಏರ್ಪಾಡು ಎಂದು ದನಿ ತಿಳಿಸುತ್ತದೆ. ಚಿತ್ರ ಒಂದು ಹೇಳುತ್ತಿದೆ, ದನಿ ಇನ್ನೊಂದು ಹೇಳುತ್ತಿದೆ. ಎರಡರ ನಡುವೆ ಅಂತರ ಇದ್ದಾಗ ಮಾತ್ರ ವಾಯ್ಸ್ ಓವರ್‌ಗೆ ಜಾಗ ಕೊಡಿ.

ಕಾಗದಗಳ ಬಗ್ಗೆ ಒಂದು ಮಾತು. ಹಳೆಯ ಕಾದಂಬರಿಯಲ್ಲಿ ಕಾಗದ ಇಲ್ಲದೆ ಇರುವುದಿಲ್ಲ. ಕಾಗದವನ್ನು ಪೂರ್ತಿ ಓದಿಸಬೇಡಿ. ಯಾರು ಎಲ್ಲಿ ಕೂತು ಓದುತ್ತಾರೆ, ಎಷ್ಟು ದಿನ ಕಾದರು, ಎಲ್ಲಿ ನಿಲ್ಲಿಸಿದರು, ಮತ್ತೆ ಯಾವ ಸಾಲಿಗೆ ಹಿಂದಕ್ಕೆ ಹೋದರು ಎಂಬುದು ಕಾಗದದಲ್ಲಿ ಇರುವುದಕ್ಕಿಂತ ಜಾಸ್ತಿ ಹೇಳುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಖಂಡಿತ ಎದುರಾಗುವ ತೊಂದರೆ ಒಂದಿದೆ. ಹಳೆಯ ಪ್ರೇಮಕಾದಂಬರಿಗಳಲ್ಲಿ ನಾಯಕ ಬಹಳ ಹೊತ್ತು ಕಾಣುವುದೇ ಇಲ್ಲ. ಓದುವಾಗ ಅದು ಗೊತ್ತಾಗುವುದಿಲ್ಲ, ಯಾಕೆಂದರೆ ನಾಯಕಿ ಅವನ ಬಗ್ಗೆ ಯೋಚಿಸುತ್ತಲೇ ಇರುತ್ತಾಳೆ. ಪರದೆಯ ಮೇಲೆ ಅವನು ನಲವತ್ತು ನಿಮಿಷ ಇಲ್ಲದಿದ್ದರೆ ಪ್ರೇಕ್ಷಕರು ಅವನನ್ನು ಮರೆತೇಬಿಡುತ್ತಾರೆ. ಆಸ್ಟೆನ್ ಅವರದೇ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಗೆ ಚಿತ್ರಕಥೆ ಬರೆದ ಎಮ್ಮಾ ಥಾಂಪ್ಸನ್ ಇದನ್ನು ಬಗೆಹರಿಸಿದ ರೀತಿ ಅಭ್ಯಾಸ ಮಾಡುವಂಥದ್ದು. ಆಂಗ್ ಲೀ ನಿರ್ದೇಶನದ 1995ರ ಆ ಸಿನಿಮಾದ ಚಿತ್ರಕಥೆಗೆ ಅವರಿಗೆ ಆಸ್ಕರ್ ಬಂತು. ಕಾದಂಬರಿಯಲ್ಲಿ ನಾಯಕಿ ಎಲಿನರ್ ಮೆಚ್ಚುವ ಎಡ್ವರ್ಡ್‌ನ ಒಳ್ಳೆಯತನ ಹೆಚ್ಚಾಗಿ ವರ್ಣನೆಯಲ್ಲೇ ಬರುತ್ತದೆ. ಸಿನಿಮಾದಲ್ಲಿ ಅವನು ಮೇಜಿನ ಕೆಳಗೆ ಅಡಗಿ ಕೂತ ಅವಳ ಪುಟ್ಟ ತಂಗಿಯನ್ನು ಹೊರಗೆ ಬರುವಂತೆ ಮಾಡುತ್ತಾನೆ, ಅವಳ ಜೊತೆ ಕತ್ತಿವರಸೆ ಆಡುತ್ತಾನೆ. ಎಲಿನರ್ ಅದನ್ನು ನೋಡುತ್ತಾಳೆ. ಅವಳು ಯಾಕೆ ಅವನನ್ನು ಇಷ್ಟಪಟ್ಟಳು ಎಂದು ಯಾರೂ ಹೇಳಬೇಕಾಗಿಲ್ಲ. ಪುಸ್ತಕದಲ್ಲಿ ಮಸುಕಾಗಿದ್ದ ಆ ಚಿಕ್ಕ ತಂಗಿ ಮಾರ್ಗರೆಟ್‌ಗೂ ಹೀಗೆ ಜೀವ ಬಂತು. ಇನ್ನೊಂದು ಕಡೆ, ಮಳೆಯಲ್ಲಿ ಬಿದ್ದ ಇನ್ನೊಬ್ಬ ತಂಗಿ ಮೇರಿಯಾನ್‌ಳನ್ನು ಮೊದಲು ವಿಲಬಿ ಎತ್ತಿಕೊಂಡು ಬರುತ್ತಾನೆ. ಇದು ಪುಸ್ತಕದಲ್ಲಿದೆ. ಕೊನೆಯ ಹೊತ್ತಿಗೆ ಕರ್ನಲ್ ಬ್ರ್ಯಾಂಡನ್ ಕೂಡ ಹಾಗೇ ಅವಳನ್ನು ಮಳೆಯಲ್ಲಿ ಎತ್ತಿಕೊಂಡು ಬರುತ್ತಾನೆ. ಇದು ಸಿನಿಮಾ ಸೇರಿಸಿದ್ದು. ಅವನ ಪ್ರೀತಿ ಬೇರೆ ಥರದ್ದು ಎಂದು ಮಾತಿಲ್ಲದೆ ತಿಳಿಯುತ್ತದೆ. ಹೊಸ ಸೀನ್ ಸೇರಿಸಲು ಹೆದರಬೇಡಿ. ಪುಸ್ತಕ ವರ್ಣಿಸಿದ್ದನ್ನು ನಡೆಸಿ ತೋರಿಸುವ ಸೀನ್ ಆಗಿರಲಿ.

ಪ್ರೀತಿಯ ದೃಶ್ಯಗಳಲ್ಲಿ ದೂರವೇ ನಿಮ್ಮ ದೊಡ್ಡ ಬಂಡವಾಳ. ಮುಟ್ಟುವುದು ನಿಷಿದ್ಧವಾದ ಕಾಲದಲ್ಲಿ ಒಂದು ಬೆರಳು ತಾಗಿದರೂ ಅದು ಘಟನೆ. 2005ರ ಸಿನಿಮಾದಲ್ಲಿ ಡಾರ್ಸಿ ಎಲಿಜಬೆತ್‌ಳನ್ನು ಕೈ ಹಿಡಿದು ಗಾಡಿ ಹತ್ತಿಸುತ್ತಾನೆ, ತಿರುಗಿ ನಡೆಯುವಾಗ ಅವನ ಬೆರಳುಗಳು ಒಮ್ಮೆ ಬಿಚ್ಚಿಕೊಳ್ಳುತ್ತವೆ. ಆ ಕೈಯ ಶಾಟ್ ಕಾದಂಬರಿಯಲ್ಲಿಲ್ಲ. ಆದರೂ ಜನ ಇವತ್ತಿಗೂ ಮಾತಾಡುವುದು ಅದರ ಬಗ್ಗೆ. ಅದೇ ಸಿನಿಮಾ ಮೊದಲ ಮದುವೆ ಪ್ರಸ್ತಾಪವನ್ನು ಮನೆಯೊಳಗಿನಿಂದ ತೆಗೆದು ಸುರಿಯುವ ಮಳೆಗೆ ತಂದಿತು. ಕಣ್ಣಿಗೆ ಅದು ಸೊಗಸು. ಆದರೆ ನನಗೆ ಪುಸ್ತಕದ ಕೋಣೆಯೇ ಇಷ್ಟ. ಅಲ್ಲಿ ಇಬ್ಬರೂ ಶಿಷ್ಟಾಚಾರದ ಒಳಗೇ ನಿಂತು ಒಬ್ಬರನ್ನೊಬ್ಬರು ಚುಚ್ಚಬೇಕು. ಮಳೆ ಬಂದ ಕೂಡಲೇ ಕಿರುಚಲು ಅನುಮತಿ ಸಿಕ್ಕಂತಾಗುತ್ತದೆ.

ಆ ಮನೆಗಳಲ್ಲಿ ಆಳುಗಳಿದ್ದರು ಎಂಬುದನ್ನೂ ಮರೆಯಬೇಡಿ. ಎಷ್ಟೋ ಕಾದಂಬರಿಗಳಲ್ಲಿ ಅವರ ಹೆಸರೂ ಬರುವುದಿಲ್ಲ. ಕ್ಯಾಮೆರಾ ಇಟ್ಟ ಮೇಲೆ ಅವರನ್ನು ಬಿಡಲು ಆಗುವುದಿಲ್ಲ. ಬಾಗಿಲು ತೆರೆಯುವವರು ಯಾರು, ದೀಪ ತರುವವರು ಯಾರು? ಅವರ ಎದುರು ಪ್ರೇಮಿಗಳು ಏನು ಮಾತಾಡಬಹುದು? ಇಬ್ಬರು ಒಂಟಿಯಾಗಿ ಸಿಗುವುದು ಎಷ್ಟು ಕಷ್ಟ ಎಂಬುದು ಆಗ ತಾನಾಗಿಯೇ ಕಾಣುತ್ತದೆ. ಅದಕ್ಕೆ ಖರ್ಚೂ ಇಲ್ಲ.

ಸಂಭಾಷಣೆ ಪೂರ್ತಿ ಹಳೆಯ ಶೈಲಿಯಲ್ಲಿ ಇರಬೇಕಿಲ್ಲ. ಇವತ್ತಿನ ಹರಟೆಯ ಭಾಷೆಯೂ ಆಗಬಾರದು. ನಾನು ಹೇಳುವುದು ಇಷ್ಟೇ. ವಾಕ್ಯದ ಓಟ ಸರಳವಾಗಿರಲಿ, ಆದರೆ ಆ ಕಾಲದಲ್ಲಿ ಇಲ್ಲದ ಪದ ಒಂದೂ ಬರದಿರಲಿ. ಆ ಕಾಲದ ಕಾಗದಗಳು, ದಿನಚರಿಗಳು, ಪತ್ರಿಕೆಯ ಜಾಹೀರಾತುಗಳು ಇದಕ್ಕೆ ಒಳ್ಳೆಯ ಗುರುಗಳು. ಕಾದಂಬರಿಯ ಮಾತನ್ನು ಇದ್ದಹಾಗೇ ಎತ್ತಿಕೊಳ್ಳುವ ಮೊದಲು ನಟರಿಂದ ಗಟ್ಟಿಯಾಗಿ ಓದಿಸಿ ನೋಡಿ. ಪುಟದ ಮೇಲೆ ಹೊಳೆಯುವ ಎಂಟು ಸಾಲಿನ ಮಾತು ಬಾಯಲ್ಲಿ ಭಾಷಣವಾಗಬಹುದು. ಅದರಲ್ಲಿ ಒಂದೇ ಸಾಲು ಇಟ್ಟುಕೊಳ್ಳಿ. ಸಂಬೋಧನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಯಾರು ಯಾರನ್ನು ಬಹುವಚನದಲ್ಲಿ ಕರೆಯುತ್ತಾರೆ, ಯಾವ ಸೀನ್‌ನಲ್ಲಿ ಮೊದಲ ಸಲ ಏಕವಚನ ಬರುತ್ತದೆ? ಅದೊಂದು ಜಾಗ ಸರಿಯಾಗಿ ಬಿದ್ದರೆ 'ಪ್ರೀತಿಸುತ್ತೇನೆ' ಎಂಬ ಮಾತೇ ಬೇಕಾಗುವುದಿಲ್ಲ.

ಇಲ್ಲಿ ಒಂದು ಆಸೆ ಕಾಡುತ್ತದೆ. ನಾಯಕಿ ಇವತ್ತಿನವರಿಗೆ ಹತ್ತಿರವಾಗಲಿ ಎಂದು ಅವಳ ಬಾಯಲ್ಲಿ ಇವತ್ತಿನ ಸ್ವಾತಂತ್ರ್ಯದ ಮಾತು ಹಾಕುವುದು. ದಯವಿಟ್ಟು ಬೇಡ. ಅವಳು ನಿಯಮವನ್ನು ಅಷ್ಟು ಸಲೀಸಾಗಿ ಬೈದುಬಿಟ್ಟರೆ ಆ ನಿಯಮಕ್ಕೆ ಶಕ್ತಿ ಇಲ್ಲವೆಂದಾಯಿತು. ಶಕ್ತಿಯಿಲ್ಲದ ನಿಯಮದ ಎದುರು ಯಾವ ಧೈರ್ಯವೂ ಧೈರ್ಯ ಅನ್ನಿಸುವುದಿಲ್ಲ. ಅವಳು ತನ್ನ ಕಾಲದಲ್ಲಿ ಎಷ್ಟು ದೂರ ಹೋಗಬಹುದಿತ್ತೋ ಅಷ್ಟೇ ಹೋಗಲಿ. ಅದಕ್ಕಿಂತ ಒಂದು ಹೆಜ್ಜೆ ಮಾತ್ರ ಮುಂದಿಡಲಿ. ಆ ಒಂದು ಹೆಜ್ಜೆಗೆ ಪ್ರೇಕ್ಷಕರ ಎದೆ ಬಡಿದುಕೊಳ್ಳಬೇಕು.

ಬಜೆಟ್ ಬಗ್ಗೆ. ಪೀರಿಯಡ್ ಸಿನಿಮಾದಲ್ಲಿ ಹಣ ನುಂಗುವುದು ಬೀದಿ ಮತ್ತು ಜನಜಂಗುಳಿ. ಜೂನಿಯರ್ ಕಲಾವಿದರು ನೂರು ಜನ ಇದ್ದರೆ ನೂರು ಜನರ ಉಡುಪು, ಕೂದಲು, ಚಪ್ಪಲಿ ಎಲ್ಲ ಸಿದ್ಧವಾಗಬೇಕು. ಬೀದಿಯಲ್ಲಿ ಒಂದು ವಿದ್ಯುತ್ ಕಂಬ ಕಂಡರೂ ಕಷ್ಟ. ಹಾಗಾಗಿ ಕಥೆಯನ್ನು ಮನೆಯೊಳಗೆ ತನ್ನಿ. 'ಚಾರುಲತಾ' ಬಹುಪಾಲು ಒಂದು ಮನೆಯೊಳಗೇ ನಡೆಯುತ್ತದೆ, ಮತ್ತು ಕಥೆಗೆ ಬೇಕಾಗಿರುವುದೂ ಅದೇ. ದೊಡ್ಡ ಸಮಾರಂಭ ಒಂದೇ ಇರಲಿ. ಅದಕ್ಕೆ ಧಾರಾಳವಾಗಿ ಖರ್ಚು ಮಾಡಿ. ಉಳಿದದ್ದನ್ನು ಶಬ್ದದಲ್ಲಿ ಕಟ್ಟಿ. ಕಿಟಕಿಯಾಚೆ ಗಾಡಿಯ ಚಕ್ರದ ಸದ್ದು ಕೇಳಿಸಿದರೆ ಗಾಡಿ ತೋರಿಸಲೇಬೇಕು ಎಂದೇನಿಲ್ಲ.

ಯಾವ ವರ್ಷ ಎಂದು ನಿಖರವಾಗಿ ನಿರ್ಧರಿಸಿ. 'ಆ ಕಾಲ' ಎಂದರೆ ಸಾಲದು. ಪುಸ್ತಕ ಪ್ರಕಟವಾದ ವರ್ಷವೇ ಆಗಬೇಕೆಂದೂ ಇಲ್ಲ. 2005ರ 'ಪ್ರೈಡ್ ಅಂಡ್ ಪ್ರೆಜುಡಿಸ್' ಸಿನಿಮಾ ಕಥೆಯನ್ನು 1790ರ ದಶಕದ ಕೊನೆಗೆ ಒಯ್ದಿತು. ಆಸ್ಟೆನ್ ಆ ಕಾದಂಬರಿಯ ಮೊದಲ ರೂಪ ಬರೆದದ್ದು 1796-97ರಲ್ಲಿ. ಎದೆಯ ಕೆಳಗೇ ಪಟ್ಟಿ ಬರುವ 1810ರ ದಶಕದ ಉಡುಪು ನಿರ್ದೇಶಕರಿಗೆ ಹಿಡಿಸಿರಲಿಲ್ಲ ಎಂಬುದೂ ಒಂದು ಕಾರಣ. ವರ್ಷ ಗೊತ್ತಾದ ಮೇಲೆ ಕಾಸ್ಟ್ಯೂಮ್ ಮತ್ತು ಕಲಾ ವಿಭಾಗಕ್ಕೆ ಒಂದು ವಿಷಯ ನೆನಪಿಸಿ. 1850ರಲ್ಲಿ ಎಲ್ಲರೂ 1850ರ ಬಟ್ಟೆ ಹಾಕುತ್ತಿರಲಿಲ್ಲ. ಅಜ್ಜಿ ತನ್ನ ಯೌವನದ ಕಾಲದ ಉಡುಪಿನಲ್ಲೇ ಇರುತ್ತಾಳೆ. ಬಡ ತಂಗಿ ಅಕ್ಕನ ಹಳೆಯ ಉಡುಪನ್ನು ಹಿಡಿಸಿ ಹೊಲಿಸಿಕೊಂಡಿರುತ್ತಾಳೆ. ಮನೆಯ ಪೀಠೋಪಕರಣ ಅಪ್ಪನ ಕಾಲದ್ದಾಗಿರುತ್ತದೆ. ಎಲ್ಲವೂ ಹೊಸದಾಗಿ ಹೊಳೆಯುತ್ತಿದ್ದರೆ ಅದು ಬಾಡಿಗೆ ಉಡುಪಿನ ಹಾಗೆ ಕಾಣುತ್ತದೆ. ನಟರು ಆ ಬಟ್ಟೆಯಲ್ಲಿ ರಿಹರ್ಸಲ್ ಮಾಡಲಿ, ಕೂರಲಿ, ಮೆಟ್ಟಿಲು ಹತ್ತಲಿ.

ಬೆಳಕಿಗೆ ಸ್ಟ್ಯಾನ್ಲಿ ಕ್ಯೂಬ್ರಿಕ್ 1975ರ 'ಬ್ಯಾರಿ ಲಿಂಡನ್'ನಲ್ಲಿ ನಾಸಾಗಾಗಿ ತಯಾರಾಗಿದ್ದ ಝೈಸ್ ಕಂಪನಿಯ, ಮಂದ ಬೆಳಕನ್ನೂ ಹಿಡಿಯುವ ಲೆನ್ಸ್ ಬಳಸಿ ಕೆಲವು ದೃಶ್ಯಗಳನ್ನು ಮೇಣದ ಬತ್ತಿಯ ಬೆಳಕಲ್ಲೇ ಚಿತ್ರೀಕರಿಸಿದ್ದರು. ಈಗಿನ ಡಿಜಿಟಲ್ ಕ್ಯಾಮೆರಾಗಳಿಗೆ ಅಂಥ ಲೆನ್ಸ್ ಬೇಕಾಗಿಲ್ಲ. ಆದರೆ ಆ ಯೋಚನೆ ಬೇಕು. ರಾತ್ರಿ ಒಂದೇ ದೀಪ ಇರುವ ಕೋಣೆಯಲ್ಲಿ ಓದಬೇಕಾದವರು, ಹೊಲಿಯಬೇಕಾದವರು ಎಲ್ಲರೂ ಆ ದೀಪದ ಸುತ್ತ ಕೂರಲೇಬೇಕು. ಮಾತಾಡದ ಇಬ್ಬರು ಒಂದೇ ಬೆಳಕಿಗೆ ಬರುತ್ತಾರೆ. ಚಿತ್ರಕಥೆ ಬರೆಯುವಾಗಲೇ ಇದು ತಲೆಯಲ್ಲಿರಲಿ, ಛಾಯಾಗ್ರಾಹಕರು ಬಂದ ಮೇಲೆ ನೋಡೋಣ ಎಂದು ಬಿಡಬೇಡಿ.

ಹಕ್ಕುಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಬರೆಯಲು ಕೂರುವ ಮೊದಲೇ ಇದನ್ನು ಮುಗಿಸಿ. ಭಾರತದಲ್ಲಿ ಸಾಮಾನ್ಯವಾಗಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ 70 ವರ್ಷ. ಅಮೆರಿಕದಲ್ಲಿ ಹಳೆಯ ಪುಸ್ತಕಗಳಿಗೆ ಪ್ರಕಟಣೆಯಿಂದ 95 ವರ್ಷದ ಲೆಕ್ಕ. ಪುಸ್ತಕ ನೂರು ವರ್ಷ ಹಳೆಯದು ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಲೇಖಕರು ದೀರ್ಘಕಾಲ ಬದುಕಿದ್ದರೆ ಹಕ್ಕು ಇನ್ನೂ ಇರಬಹುದು. ಒಂದು ದೇಶದಲ್ಲಿ ಮುಗಿದದ್ದು ಇನ್ನೊಂದರಲ್ಲಿ ಮುಗಿದಿರದೆ ಇರಬಹುದು. ನೀವು ಓದುತ್ತಿರುವುದು ಅನುವಾದವಾದರೆ ಅನುವಾದಕರಿಗೆ ಪ್ರತ್ಯೇಕ ಹಕ್ಕಿದೆ. ಆಗ ಮೂಲಕ್ಕೇ ಹೋಗಿ, ಅಥವಾ ಅವರ ಅನುಮತಿ ಪಡೆಯಿರಿ. ಹಕ್ಕು ಜೀವಂತ ಇದ್ದರೆ ವಾರಸುದಾರರೆಲ್ಲರ ಸಹಿ ಇರುವ ಒಪ್ಪಂದ ಬೇಕು. ಪೂರ್ತಿ ಹಣ ಮೊದಲೇ ಕೊಡಲಾಗದಿದ್ದರೆ ಆಪ್ಷನ್ ಒಪ್ಪಂದ ಮಾಡಿಕೊಳ್ಳಬಹುದು. ಸಣ್ಣ ಮೊತ್ತ ಕೊಟ್ಟು, ಇಷ್ಟು ಅವಧಿಯವರೆಗೆ ಬೇರೆ ಯಾರಿಗೂ ಕೊಡಬೇಡಿ ಎಂದು ಬರೆಸಿಕೊಳ್ಳುವ ವ್ಯವಸ್ಥೆ ಅದು. ವಕೀಲರ ಕಣ್ಣಿಗೆ ಒಮ್ಮೆ ಬೀಳಲಿ.

ಹಿಂದಿನ ಸಿನಿಮಾ ನೋಡಿ, ಆದರೆ ನಿಮ್ಮ ಮೊದಲ ಡ್ರಾಫ್ಟ್ ಮುಗಿದ ಮೇಲೆ. ಮೊದಲೇ ನೋಡಿದರೆ ಆ ನಟರ ಮುಖಗಳು ನಿಮ್ಮ ಪಾತ್ರಗಳ ಮೇಲೆ ಬಂದು ಕೂರುತ್ತವೆ. ಇನ್ನೊಂದು ಗಟ್ಟಿ ಕಾರಣವೂ ಇದೆ. ಪುಸ್ತಕದಲ್ಲಿದೆ ಎಂದು ನಾವು ನಂಬಿರುವ ಎಷ್ಟೋ ಸಂಗತಿ ಯಾವುದೋ ಸಿನಿಮಾದವರು ಸೇರಿಸಿದ್ದಾಗಿರುತ್ತದೆ. ಡಾರ್ಸಿ ಕೆರೆಯಲ್ಲಿ ಈಜಿ ಒದ್ದೆ ಅಂಗಿಯಲ್ಲಿ ಎಲಿಜಬೆತ್‌ಗೆ ಎದುರಾಗುವುದು 1995ರ ಧಾರಾವಾಹಿಯ ಕಲ್ಪನೆ. ಆಸ್ಟೆನ್ ಅದನ್ನು ಬರೆದಿಲ್ಲ. ಕಾದಂಬರಿಯ ಹಕ್ಕು ಮುಗಿದಿದ್ದರೂ ಅಂಥ ಸೇರ್ಪಡೆಗಳು ಅವುಗಳನ್ನು ಮಾಡಿದವರ ಸ್ವತ್ತು. ಹಾಗಾಗಿ ಆ ಸಿನಿಮಾ ನೋಡಿದ ಮೇಲೆ ನಿಮ್ಮ ಡ್ರಾಫ್ಟ್ ಹಿಡಿದು ಕೂತು, ಪ್ರತಿ ಸೀನ್ ಎದುರು ಮೂಲದ ಪುಟ ಸಂಖ್ಯೆ ಬರೆಯಿರಿ. ಪುಟ ಸಂಖ್ಯೆ ಸಿಗದ ಸೀನ್‌ಗಳಲ್ಲಿ ಯಾವುದು ನೀವೇ ಹುಟ್ಟಿಸಿದ್ದು ಎಂದು ಗುರುತು ಹಾಕಿ. ಎರಡೂ ಗುರುತು ಇಲ್ಲದ ಸೀನ್ ಉಳಿದರೆ ಅದನ್ನು ತೆಗೆದು, ಆ ಜಾಗಕ್ಕೆ ಬೇರೆಯದನ್ನು ಬರೆಯಿರಿ.